ಬಿಸಿ ತಿಳಿಯದ ಬೆರಳು

ದವಾಖಾನೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಅಕ್ಕತಂಗಿಯರಿಬ್ಬರು ಕೂತಿದ್ದರು. ಒಲೆಯ ಪಾತ್ರೆ ತಾಗಿ ಸುಟ್ಟ ತಂಗಿಯ ಬಲಗೈ ಬೆರಳುಗಳ ಮೇಲೆ ಮುಲಾಮು ಹೊಳೆಯುತ್ತಿತ್ತು.

“ಗಾಯ ಮಾಯ್ದು ಹೊಸ ಚರ್ಮ ಬಂದಿದೆಯಲ್ಲೇ. ನಿನ್ನ ಅಳುಮೋರೆ ನೋಡಿದ್ರೆ ಡಾಕ್ಟ್ರೇ ಹೆದರ್ತಾರೆ,” ಎಂದಳು ಅಕ್ಕ.

“ಚರ್ಮ ಬಂತಕ್ಕ, ಅದಕ್ಕೆ ಜೀವ ಬರ್ಲಿಲ್ಲ. ಬೆಳಿಗ್ಗೆ ಮೊಮ್ಮಗಳಿಗೆ ಎರೆಯೋ ನೀರಿಗೆ ಬೆರಳದ್ದಿ ನೋಡ್ದೆ. ಹದವಾಗಿದೆ ಅನ್ನಿಸ್ತು. ಇನ್ನೇನು ಕೂಸಿನ ಮೈಗೆ ಹಾಕ್ಬೇಕು, ಚೆಂಬು ಜಾರಿ ನೀರು ನನ್ನ ಕಾಲ ಮೇಲೆ ಬಿತ್ತು. ಸುಡೋ ನೀರು!”

“ಅಯ್ಯೋ ದೇವ್ರೇ! ಕೂಸಿಗೆ?”

“ಒಂದು ಹನೀನೂ ಸಿಡೀಲಿಲ್ಲ. ಮೇಲಿರೋನು ಕಾಯ್ದ.”

“ಮಗಳಿಗೆ ಹೇಳಿದ್ಯಾ?”

“ಹೇಗೆ ಹೇಳ್ಲಿ? ‘ಅಮ್ಮನ ಕೈ ಇರೋವಾಗ ನಂಗೇನು ಭಯ’ ಅಂತ ಬಾಣಂತಿ ನಿಶ್ಚಿಂತೆಯಾಗಿ ಮಲಗಿದಾಳೆ.”

“ಮುಲಾಮು ಹಚ್ತಾ ಇದ್ರೆ ಮೆಲ್ಲಗೆ ಸರಿಹೋಗುತ್ತೆ ಬಿಡು. ಎಲ್ಲಿ, ಕಣ್ಣು ಮುಚ್ಚು ನೋಡೋಣ.”

ತಂಗಿ ಕಣ್ಣು ಮುಚ್ಚಿ ಕೈ ಚಾಚಿದಳು. ಅಕ್ಕ ತನ್ನ ಕೈಲಿದ್ದ, ಹಬೆಯಾಡುತ್ತಿದ್ದ ಚಹಾದ ಲೋಟವನ್ನು ಅವಳ ಬೆರಳ ತುದಿಗೆ ಮುಟ್ಟಿಸಿದಳು.

ಒಳಗಿನಿಂದ ನರ್ಸ್ ಕೂಗಿದಳು.

“ಬೇಗ ಮುಟ್ಸಕ್ಕ, ಕರೀತಿದಾರೆ,” ಎಂದಳು ತಂಗಿ.

ಅಕ್ಕ ಲೋಟ ಕೆಳಗಿಟ್ಟು, ತಂಗಿಯನ್ನು ತೋಳು ಹಿಡಿದು ಒಳಗೆ ಕರೆದೊಯ್ದಳು.