ಕರುಳಿನ ಮೊಳೆ

ಗಂಜಿ ಅಲ್ಲೇ ಇಡು. ಕುಡಿಯಲ್ಲ. ಮೊದಲು ನೀನು ಒಂದು ಗುಟುಕು ಕುಡಿ... ನನ್ನೆದುರಿಗೇ. ಏನು ನೋಡ್ತೀಯ? ಹೊಟ್ಟೆ ಕುಯ್ಸಿಕೊಂಡು ಮಲಗಿರೋನು ನಾನು. ನೀನಲ್ಲ.

ಕಿಟಕಿ ಹತ್ರ ಆ ಸೀಸೆ ನೋಡು. ಡಾಕ್ಟರು ಕೊಟ್ಟುಹೋದ್ರು. ಒಳಗಿರೋದು ಕಪ್ಪು ಮೊಳೆ. ಕರುಳು ತೂತು ಮಾಡ್ಕೊಂಡು ಕೂತಿತ್ತಂತೆ. ಹೇಗೆ ನುಂಗಿದ್ರಿ ಅಂದ್ರು. ಊಟದಲ್ಲಿ ಬಂದಿರ್ಬೇಕು ಅಂದೆ. ಅಷ್ಟೇ. ನಿನ್ನ ಹೆಸರೆತ್ತಲಿಲ್ಲ.

...ಸರಿ. ಮಗನ ಹತ್ರ ಎತ್ತಿದೆ. ಮನೇಲಿ ಅಡುಗೆ ಮಾಡೋ ಸೊಸೆ ನೀನೊಬ್ಬಳೇ ತಾನೆ? ಅವನು ನಿನ್ನ ಪೆಟ್ಟಿಗೆ ತಂದು ಹೊರಗೆ ನಿಂತಿದ್ರೆ, ತವರಿಗೆ ಕಳಿಸ್ತೀನಿ ಅಂದ್ರೆ, ಅದು ಅವನ ಮಾತು. ನಾನು ಹೇಳಿದ್ದಲ್ಲ.

ಯಾಕೆ ನಗ್ತೀಯ?

ಹೌದು, ಕುರ್ಚಿಗೆ ಬಟ್ಟೆ ಬಡಿಯೋ ಮೊಳೆ ಅದು. ನಂಗೆ ಗೊತ್ತಿಲ್ವಾ? ನಲವತ್ತು ವರ್ಷ ಬಾಯಿತುಂಬ ಅದನ್ನೇ ಇಟ್ಕೊಂಡಿದ್ದೆ. ನಾಲಿಗೆ ತುದೀಲಿ ಒಂದೊಂದೇ ತಳ್ಳೋದು, ಅಯಸ್ಕಾಂತದ ಸುತ್ತಿಗೆ ಮೂತಿಗೆ ಅಂಟಿಸೋದು, ಹೊಡೆಯೋದು. ಒಂದೂ ಒಳಗೆ ಹೋಗ್ಲಿಲ್ಲ. ಒಂದೂ! ಹಲ್ಲು ಬಿದ್ಮೇಲೆ ಬಿಟ್ಟೆ. ಇನ್ನೊಂದ್ಸಲ ಬಾಯಿಗೆ ಮೊಳೆ ಇಟ್ರೆ ಅಂಗಡೀನೇ ಮಾರ್ತೀನಿ ಅಂದಿದ್ದಾನೆ ನಿನ್ನ ಗಂಡ. ಮಾರೇ ಮಾರ್ತಾನೆ, ಅವನು ನನ್ನ ಮಗ.

ಸೋಮವಾರ ಮಧ್ಯಾಹ್ನ ನಾನು ಮನೇಲೇ ಮಲಗಿದ್ದೆ.

...ನೀನು ಕೇಳ್ಲಿಲ್ಲ, ಸರಿ. ಹೇಳಿದೆ.

ಮೂರು ದಿನದಿಂದ ಒಂದು ಮಾತಿಲ್ಲ ನಿಂದು. ತಪ್ಪಿಲ್ಲದೋರು ಹೀಗೆ ಸುಮ್ಮನಿರ್ತಾರಾ? ಕೂಗಾಡ್ಬೇಕಿತ್ತು. ಅಳ್ಬೇಕಿತ್ತು. ಏನೋ ಇದೆ ನಿನ್ನ ಹೊಟ್ಟೇಲೂ.

ಸೆರಗಲ್ಲಿ ಅದೇನು ಕಟ್ಕೊಂಡಿದ್ದೀಯ? ತೋರ್ಸು... ಕನ್ನಡಕ.

ನಂದೇ. ಎಲ್ಲಿ...

ಅಂಗಡೀಲಿ ಬಿಟ್ಟಿದ್ದೆ. ರಿಪೇರಿಗೆ ಬಂದಿದ್ದ ವಕೀಲರ ಕುರ್ಚಿ ಮೇಲೆ.

ಸೋಮವಾರ ಮಧ್ಯಾಹ್ನ ಅಂಗಡಿ ಬಾಗಿಲಲ್ಲಿ ಯಾರೋ ‘ಮಾವ’ ಅಂದ್ರು. ಬೆಚ್ಚಿಬಿದ್ದೆ. ತಿರುಗಿದ್ರೆ ಯಾರೂ ಇಲ್ಲ, ಸ್ಟೂಲ್ ಮೇಲೆ ಟೀ ಲೋಟ. ಆಮೇಲೆ ಬಾಯಲ್ಲಿದ್ದ ಮೊಳೆ ಉಗುಳಿದೆ. ಒಂದು ಕಮ್ಮಿ ಅನ್ನಿಸ್ತು. ಎಲ್ಲೋ ಬಿದ್ದಿರ್ಬೇಕು ಅಂದ್ಕೊಂಡೆ.

ನೀನೇ ಅಲ್ವಾ? ನನ್ನ ಬಾಯಲ್ಲಿ ಮೊಳೆ ಇದ್ದದ್ದನ್ನ ನೀನು ನೋಡಿದ್ದೀಯ. ನೋಡಿಯೂ ಗಂಡನಿಗೆ ಹೇಳ್ಲಿಲ್ಲ. ಅಂಗಡಿ ಹೋಗುತ್ತೆ ಅಂತಾನಾ? ಹೇಳಮ್ಮ. ಬೈಯಿ. ಬಾಯಿ ಬಿಡು!

...

ಆ ಗಂಜಿ ಇತ್ತ ಕೊಡು.

ಅವನನ್ನ ಒಳಗೆ ಕರಿ. ಪೆಟ್ಟಿಗೆ ಸಮೇತ ಬರ್ಲಿ. ಮೊಳೆ ಊಟದಲ್ಲಿರ್ಲಿಲ್ಲ ಅಂತ ಹೇಳ್ತೀನಿ.