ರುದ್ರವ್ವನ ನಿಂಬಿಗಿಡ

ಕಂದೀಲ ಸಣ್ಣದು ಮಾಡ್ರಿ. ಹುಡುಗೂರು ಮಲಗ್ಯಾವೇನು? ಹಂಗಾರ ಕೇಳ್ರಿ. ಇದು ಕಟ್ಟಿದ ಕತಿ ಅಲ್ಲ. ನಮ್ಮ ಕಾಕಾನ ಮಗ ಕಾಶಪ್ಪಗ ಆಗಿದ್ದು. ಇದರಾಗ ನನ್ನ ಪಾಲೂ ಐತಿ... ಅದಕ್ಕ ಹೇಳೂವಾಗ ನಿಮ್ಮ ಮುಖ ನೋಡಾಕ ನನಗ ಆಗೂದಿಲ್ಲ.

ಎಪ್ಪತ್ತೊಂದರ ಡಿಸೆಂಬರ್. ಯುದ್ಧ ನಡದಿತ್ತು. ಮುಂಬೈ ತುಂಬ ಬ್ಲ್ಯಾಕೌಟ್. ಕಿಟಕಿಗೆ ಕರೀ ಕಾಗದ, ಬೀದಿದೀಪ ಬಂದ್. ಕಾಶಪ್ಪ ಎರಡನೇ ಪಾಳಿ ಮುಗಿಸಿ, ಕಡೀ ಲೋಕಲ್ ಹಿಡದು ಜೋಗೇಶ್ವರಿಗೆ ಇಳದ. ನಮ್ಮ ಚಾಳಿಗೆ ಬರಬೇಕಾದ್ರ ಹಳೇ ಬಾವಿ ದಾಟೇ ಬರಬೇಕು. ಬಾವಿ ಸುತ್ತ ಹಣ್ಣು ಮಾರೂ ಮುದುಕಿ ರುದ್ರವ್ವನ ನಿಂಬಿಗಿಡ, ಏಳು. ಏಳೂ ಒಣಗಿ ಕಟಗಿ ಆಗಿದ್ದುವು. ರುದ್ರವ್ವ ಸತ್ತು ಆಗಲೇ ನಾಲ್ಕು ತಿಂಗಳು.

ಬಾವಿ ಹತ್ರ ಬಂದಾಗ ಸಪ್ಪಳ ಕೇಳಿಸ್ತು.

ಚಿಟ್... ಚಿಟ್...

ಎರಡು ಉಗುರಿನ ನಡು ಹೇನು ಕುಕ್ಕಿದಂಗ. ಒಣ ಗಿಡದಾಗ ಅಲ್ಲ. ಅದರಾಚೆ ಪೇರಲ ಗಿಡದಾಗ, ಮ್ಯಾಲ. ಕಾಶಪ್ಪನ ಕಾಲು ಅಲ್ಲೇ ನಿಂತುವು. ಆ ಸಪ್ಪಳ ಅವಗ ಗೊತ್ತಿತ್ತು.

ಹ್ಯಾಂಗ ಅಂತೀರಿ? ಹಿಂದಿನ ವರ್ಷದ ಮಾತು ಹೇಳ್ತೀನಿ.

ಕಾಶಪ್ಪ ಬಂದರಿನಾಗ ಕೆಲಸಕ್ಕಿದ್ದ. ಪರದೇಶದಿಂದ ಹಡಗಿನಾಗ ಬಂದ ಸಸಿ ತಪಾಸ ಮಾಡೂ ಶೆಡ್ಡು. ಸಾಹೇಬರು ಭೂತಗನ್ನಡಿ ಹಿಡದು ಎಲಿ ಎಲಿ ನೋಡತಿದ್ರು. ಹುಳ ಕಂಡ್ರ ಪೆಟಿಗಿ ಪೂರಾ ಭಟ್ಟಿಗೆ. ಸುಡೂ ಕೆಲಸ ಕಾಶಪ್ಪಂದು. ಒಂದು ಕಡ್ಡಿ ಸೈತ ಹೊರಗ ಹೋಗಬಾರದು ಅಂತ ದಿನಾ ತಾಕೀತು.

ಆಗ ಅವನ ಹೆಂಡತಿ ಚನ್ನವ್ವ ಬಸುರಿ. ಹೆಂಡತಿ ಬಸುರಿದ್ದಾಗ ಗಂಡಾದವ ಹಸೀ ಗಿಡಕ್ಕ ಕೊಡ್ಲಿ ಹಾಕಬಾರದು, ಬೆಂಕಿ ಇಡಬಾರದು. ನಮ್ಮ ಕಡೆ ಇದ್ದದ್ದೇ. ಆದ್ರ ಹೊಟ್ಟಿ ಕೇಳಬೇಕಲ್ಲ? ಸುಟ್ಟ. ದಿನಾ ಕೈ ಮುಗದು ಸುಟ್ಟ. ಒಂದು ದಿನ ಮಾತ್ರ ಗೇಣುದ್ದ ನಿಂಬಿ ಸಸಿ, ಆಗಷ್ಟೇ ಚಿಗುರು ಒಡದಿತ್ತು, ಅದನ್ನ ಹಾಕಾಕ ಕೈ ಬರಲಿಲ್ಲ. ಊಟದ ಡಬ್ಬಿಯೊಳಗ ಮಡಚಿಟಗೊಂಡು ತಂದ. ನಾ ನೋಡಿದೆ.

"ಏ, ಸುಡೂದಲ್ಲೇನೋ ಇದು?"

"ಸುಮ್ನಿರೋ ಅಣ್ಣಾ. ಒಂದು ಜೀವ ಉಳೀಲಿ."

ನಾ ಸುಮ್ನಾದೆ.

ಅದನ್ನ ಒಯ್ದು ರುದ್ರವ್ವಗ ಕೊಟ್ಟ. ಯಾಕಂದ್ರ ಚನ್ನವ್ವಗ ವಾಂತಿ ಹತ್ತಿದಾಗಿಂದ ಆ ಮುದುಕಿ ದಿನಾ ಎರಡು ನಿಂಬಿಹಣ್ಣು ತಂದು ಕೊಡತಿದ್ಲು. ರೊಕ್ಕ ಅಂದ್ರ ಸಿಟ್ಟಿಗೆ ಬರ್ತಿದ್ಲು. ನಿಂಬಿಗೆ ಹೆಸರಾದ ಇಂಡಿ ಊರ ಕಡೀ ಹೆಣ್ಣಮಗಳು. ಬೀಜ ಸೆರಗಿನಾಗ ಕಟಗೊಂಡು ಬಂದು ಬೆಳಸಿದ ಗಿಡ ಅವು. ಗಂಡ ಇಲ್ಲ, ಮಕ್ಕಳಿಲ್ಲ. ಸ್ಟೇಶನ್ ಮುಂದ ಕುಂತು ಆ ಹಣ್ಣು ಮಾರಿದ್ರ ರೊಟ್ಟಿ, ಇಲ್ಲಾಂದ್ರ ಇಲ್ಲ.

ಆಕಿ ಆ ಸಸಿ ತನ್ನ ಗಿಡದ ಬಾಜೂಕೇ ಹಚ್ಚಿದ್ಲು. ಮೂರು ತಿಂಗಳಿಗೆ ರೋಗ ಬಂತು ನೋಡ್ರಿ. ಎಲಿ ಹಿಂದ ಬೆಳ್ಳನ್ನ ಹುಳ, ಹತ್ತಿ ಅಂಟಿಸಿದಂಗ. ಎಲಿ ಮ್ಯಾಲ ಜಿಗಟು, ಅದರ ಮ್ಯಾಲ ಕರೀ ಮಸಿ. ಒಂದು ಗಿಡದಿಂದ ಇನ್ನೊಂದಕ್ಕ ಹತ್ತಿತು. ಮುದುಕಿ ರಾತ್ರಿಯೆಲ್ಲಾ ಕಂದೀಲ ಇಟಗೊಂಡು ಒಂದೊಂದೇ ಹುಳ ಕುಕ್ಕತಿದ್ಲು. ಒಂದಿನ ಕೇಳಿದ್ಲು, "ಕಾಶಪ್ಪಾ, ನೀ ಕೊಟ್ಟ ಸಸಿಗೇ ಮೊದಲ ಬಂತಪಾ ಇದು. ಎಲ್ಲಿಂದ ತಂದಿದ್ದಿ?"

"ಬೈಕುಲ್ಲಾ ಮಾರ್ಕೆಟ್ಟಿಂದ, ಎವ್ವಾ."

ನೌಕರಿ ಹೋದೀತು ಅನ್ನೂ ಅಂಜಿಕಿ. ನಾ ಬಾಜೂಕ ನಿಂತಿದ್ದೆ. ಬಾಯಿ ಬಿಡಲಿಲ್ಲ. ಅವತ್ತು ಖರೇ ಹೇಳಿದ್ರ ಸಾಹೇಬರು ಬಂದು ಎರಡು ಗಿಡ ಸುಟ್ಟು ಐದು ಉಳಸತಿದ್ರು. ಏಳೂ ಹೋದುವು. ಶ್ರಾವಣದಾಗ ಆಕೀನೂ ಹೋದ್ಲು. ಹೆಣಕ್ಕ ಹೆಗಲು ಕೊಟ್ಟವರು ನಾವಿಬ್ಬರೇ... ನಾಚಿಕಿ ಇಲ್ಲದ ಹೆಗಲು.

ಈಗ ಆ ರಾತ್ರಿ.

ಚಿಟ್... ಚಿಟ್...

"ಯಾರು?" ಅಂದ, ಉಸರಿನಾಗ.

"ಕಾಶಪ್ಪಾ... ಕಂದೀಲ ಹಿಡಿ. ಕಾಣವಲ್ದು."

"ಬ್ಲ್ಯಾಕೌಟ್ ಐತೆವ್ವಾ... ದೀಪ ಹಚ್ಚೂಹಂಗಿಲ್ಲ."

"ಹಂಗಾರ ಹೇಳು. ಎಲ್ಲಿಂದ ತಂದಿದ್ದಿ?"

"ಬೈಕುಲ್ಲಾ..."

ನೋಡ್ರಿ, ದೆವ್ವದ ಮುಂದೂ ಸುಳ್ಳು! ಸಪ್ಪಳ ನಿಂತಿತು. ಆಕಿ ಹೊಡೀಲಿಲ್ಲ, ಬೈಯಲಿಲ್ಲ. ಸ್ವಲ್ಪ ತಡದು ಮತ್ತ ಶುರು. ಚಿಟ್... ಚಿಟ್...

ಮರುರಾತ್ರಿ ಸಪ್ಪಳ ಪೇರಲ ಬಿಟ್ಟು ರಸ್ತೆ ಬದಿಯ ಸೀತಾಫಲಕ್ಕ ಹೋಗಿತ್ತು. ಮೂರನೇ ರಾತ್ರಿ ಸಪ್ಪಳ ಹಿಡದು ಹೋದ್ರ ಇನ್ನೂ ಮುಂದ, ಮಲಾಡ್ ದಾರಿಯ ದಾಸವಾಳದ ಬೇಲಿಯಾಗ. ಆಗ ಕಾಶಪ್ಪಗ ತಿಳೀತು. ಹುಳ ನಡದಾವು, ಮುದುಕಿ ಅವುಗಳ ಬೆನ್ನು ಹತ್ಯಾಳ. ಆಚೆ ಮಲಾಡಿನ ತೋಟಗಳು. ಅಲ್ಲೀತನ ಹೋದ್ರ ಎಷ್ಟು ಮಂದಿ ಅನ್ನಕ್ಕ ಮಣ್ಣು ಬೀಳತೈತೋ! ನಡು ರಸ್ತೆದಾಗ ಕುಂತು ಅತ್ತ.

"ಬಂದರಿಂದ ಎವ್ವಾ. ಸುಡಬೇಕಾದ್ದನ್ನ ಕದ್ದು ತಂದೆ. ನಿನ್ನ ಬಾಳ್ವಿ ನಾನೇ ಹಾಳ ಮಾಡಿದೆ."

ಎಲಿ ಸೈತ ಅಳ್ಳಾಡಲಿಲ್ಲ. ಆಮ್ಯಾಲ...

"ಗೊತ್ತಿತ್ತೋ ತಮ್ಮಾ. ಮುಂಜಾನೆ ಹೋಗಿ ನಿಮ್ಮ ಸಾಹೇಬರಿಗೆ ಹೇಳು. ನನಗ ಒಬ್ಬಾಕಿಗೇ ಆಗವಲ್ದು."

ಆ ಮಾತು ಅಂವ ನನ್ನ ಎಬಿಸಿ ಹೇಳಿದಾಗ ನಾ ಗ್ವಾಡಿ ಕಡೆ ಹೊಳ್ಳಿ ಕುಂತೆ. ಆಕಿಗೆ ಗೊತ್ತಿತ್ತು. ಗೊತ್ತಿದ್ದೂ ಗಿಡದಾಗ ಕಡೀ ಹಣ್ಣು ಇರೂತನ ಚನ್ನವ್ವಗ ನಿಂಬಿಹಣ್ಣು ಕೊಟ್ಟಿದ್ಲು.

ಮುಂಜಾನೆ ಇಬ್ಬರೂ ಹೋದೆವು. ಎಲ್ಲಾ ಹೇಳಿದೆವು. ಕಾಶಪ್ಪನ ನೌಕರಿ ಅವತ್ತೇ ಹೋತು, ಮನ್ಯಾಗ ಸಣ್ಣ ಕೂಸು. ಹೋಗಬೇಕಾದ್ದೇ ಅದು. ಸಾಹೇಬರು ಜೀಪಿನಾಗ ಬಂದ್ರು, ಒಣ ಗಿಡ ಕಡದು ಸುಟ್ರು. ಮಲಾಡ್‌ತನಕ ತೋಟ ತೋಟ ನೋಡಿದ್ರು. ಒಂದು ಹುಳ ಸಿಗಲಿಲ್ಲ. ಆ ಬೇಲಿ ದಾಟಿ ಒಂದೂ ಹೋಗಿದ್ದಿಲ್ಲ. ಹ್ಯಾಂಗ ನಿಂತುವು ಅಂತ ಅವರೇ ತಲಿ ಕೆರಕೊಂಡ್ರು. ಕಡೀಕ ಪೇರಲ ಗಿಡಕ್ಕ ನಿಚ್ಚಣಿಕಿ ಹಚ್ಚಿಸಿದ್ರು.

ಸುಳ್ಳಂತೀರೇನು? ಹತ್ತಿದವ ನಾನೇ ರೀ. ಎಲಿ ಹೊಳ್ಳಿಸಿದೆ. ಪ್ರತಿಯೊಂದು ಹುಳದ ಮ್ಯಾಲ ಉಗುರಿನ ಗುರ್ತು. ಗುಬ್ಬಿ ಕುಂತ್ರ ಬಾಗೂವಂಥ ತುದೀ ಟೊಂಗಿತನ, ಒಂದೂ ಬಿಟ್ಟಿದ್ದಿಲ್ಲ. ಮುದುಕಿ ಸತ್ತು ನಾಲ್ಕು ತಿಂಗಳಾಗಿತ್ತು. ಆ ಹುಳ ಇನ್ನೂ ಹಸೀ ಇದ್ದುವು... ಅವುಗಳ ಜಿಗಟು ನನ್ನ ಬೆರಳಿಗೆ ಹತ್ತಿತ್ತು.