ಬೂದಿ ಹಚ್ಚದ ಬಟಾಟಿ

ನಗಬ್ಯಾಡಲೇ ಮಹಬೂಬಸಾಬ. ನಿನ್ನ ಸೊಸಿ ಹಂಗಂದಿದ್ರ ನಗತಿದ್ಯೇನು? ನನ್ನ ಸೊಸಿ ಬಟಾಟಿಗೆ ಆಲೂಗಡ್ಡೆ ಅಂತಾಳ. ಉಳ್ಳಾಗಡ್ಡಿಗೆ ಈರುಳ್ಳಿ. ಗಜ್ಜರಿ ತಾ ಅಂದ್ರ ನನ್ನ ಮಾರಿ ನೋಡತಾಳ, ಕ್ಯಾರೆಟ್ ಅಂದ ಮ್ಯಾಲ ತರತಾಳ. ಹಾಸನದ ಕಡಿ ಹುಡುಗಿ, ನಮ್ಮ ಹೇಮಂತ ಮೆಚ್ಚಿ ಮಾಡ್ಕೊಂಡು ಬಂದಾನ, ಇರಲಿ. ಆದ್ರ ಹೆಸರು ಗೊತ್ತಿಲ್ಲದಾಕಿ ಬೆಳಿ ತೆಗಿಯೂದು ಕಲಿಸಾಕ ಬರತಾಳಲ್ಲ... ಈ ಈರಬಸಪ್ಪಗ!

ನಮ್ಮ ತಂಬೂರ ಊರಾಗ ಯಾರನ್ನರ ಕೇಳು. ಒಂದ್ ವರ್ಷ ನಾ ಬೆಳೆದ ಒಂದ ಬಟಾಟಿ ಕೀಳಾಕ ಎರಡು ಜೋಡಿ ಎತ್ತು ಹೂಡಿದ್ವಿ. ಕಿತ್ತ ಕುಣಿಯೊಳಗ ಮಳಿನೀರು ನಿಂತು ಎಮ್ಮಿ ಈಜಿದ್ವು. ಏನು? ಹೋದ ಸಲ ಒಂದ ಜೋಡಿ ಅಂದಿದ್ನ್ಯಾ? ನಿನಗ ಮರವು.

ಈ ಸಲ ಬಿತ್ತಿದ್ದು ಕೊಳತ್ವು, ಖರೆ. ಒಂದೂ ಮೊಳೀಲಿಲ್ಲ. ಬೀಜದ ಬಟಾಟಿ ಹೆಚ್ಚಿದಾಕಿ ಸೊಸಿ ನೇತ್ರಾ, ಆಕಿ ಕೈಗುಣ ಸರಿಯಿಲ್ಲ ಅಂತ ಮೊನ್ನೆ ಊರ ಕಟ್ಟಿ ಮ್ಯಾಲ ಹತ್ತು ಮಂದಿ ಮುಂದ ಅಂದೆ. ಅನ್ನಬಾರದೇನು? ಈಗ ಆಕಿ ಅಣ್ಣ ಬಂದು ಮನಿಯಾಗ ಕುಂತಾನ, ತವರಿಗೆ ಕರ್ಕೊಂಡು ಹೊಂಟಾನ. ಹೋಗಲಿ. ಅಲ್ಲೇ ಆಲೂಗಡ್ಡೆ ಆಲೂಗಡ್ಡೆ ಅನಕೋತ ಇರಲಿ.

ಚಹಾ ಆರತೈತಿ, ಕುಡಿ.

ಯಾಕ ಹಂಗ ನೋಡ್ತಿ? ಬಿತ್ತಿದ ದಿನ ನೀ ಬಾಜು ಹೊಲದಾಗ ಇದ್ದಿ ಅಂತನಾ? ಇದ್ದರ ಏನಾತು... ಆಕಿ ಬೂದಿ ಬುಟ್ಟಿ ಹೊತಗೊಂಡು ಬದುವಿನ ಮ್ಯಾಲ ಓಡಿ ಬಂದಿದ್ದು ಕಂಡ್ಯಾ?

"ಮಾವ, ಹೆಚ್ಚಿದ ಆಲೂಗಡ್ಡೆಗೆ ಬೂದಿ ಹಚ್ಚಿ ಎರಡು ದಿನ ನೆರಳಲ್ಲಿ ಆರಿಸಿ. ಹಸಿ ಮಣ್ಣಿಗೆ ಹಾಗೇ ಹಾಕಿದ್ರೆ ಕೊಳೆಯುತ್ತೆ," ಅಂದ್ಲು. ಅವರ ಅಪ್ಪಂದೂ ಅದ ಬೆಳಿಯಂತ. ನನಗೇನು ಗೊತ್ತಿಲ್ಲದ್ದಾ? ಪ್ರತಿ ವರ್ಷ ಬೂದಿ ಹಚ್ಚಾಂವ ನಾನ. ಅವತ್ತು ಮಳಿ ಅವಸರ, ಮ್ಯಾಲ ಆಳುಗಳ ಮುಂದ ನನಗ ಹೇಳಿದ್ಲು. "ನಿನ್ನ ಬೂದಿ ಆಲೂಗಡ್ಡೆಗೆ ಹಚ್ಚವಾ, ಇದು ಬಟಾಟಿ," ಅಂದೆ. ಆಳುಗಳೆಲ್ಲಾ ನಕ್ರು. ಅವ್ರು ನಕ್ಕಿದ್ದಕ್ಕ... ಬುಟ್ಟಿಗೂ ಒಂದು ಒದಿ ಕೊಟ್ಟೆ.

ಬೈಯೂದಿದ್ರ ಬೈಯಲೇ.

ಕಟ್ಟಿ ಮ್ಯಾಲ ನಾ ಅಂದಾಗ ಆಕಿ ಅಲ್ಲೇ ನಳದ ಬಾಜು ನಿಂತಿದ್ಲು. ಎಲ್ಲಾ ಕೇಳಿಸ್ಕೊಂಡ್ಲು. ಬೂದಿ ಸುದ್ದಿ ಎತ್ತಲಿಲ್ಲ, ಸಾಬ. ಕೊಡ ತಗೊಂಡು ಹೋದ್ಲು.

...ಐದರ ಬಸ್ಸಿಗೆ ಇನ್ನೂ ಹೊತ್ತೈತೇನು? ಏಳು, ನಿನ್ನ ಗಾಡಿ ತಗಿ. ಆಕಿನ್ನ ಕಟ್ಟಿ ತನಕ ಕರ್ಕೊಂಡು ಹೋಗಬೇಕು. ಆ ಹತ್ತು ಮಂದಿ ಇವತ್ತೂ ಅಲ್ಲೇ ಕುಂತಾರಾ?

ಕುಂತಿರಲಿ. ಅವ್ರ ಮುಂದನ ಅಂದಿದ್ದು, ಅವ್ರ ಮುಂದನ ಬೂದಿ ಸುದ್ದಿ ಹೇಳತೀನಿ.